ನನ್ನ ಹಿಂದಿದ್ದ ಯಜಮಾನರು

೩ ಅಕ್ಟೋಬರ್, ಸಂಜೆ

ಅಕ್ಕಾ,

ಒಂದು ಮಾತನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಬರೆದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ, ಬರೆಯದಿದ್ದರೆ ನಿನ್ನಿಂದ ಏನೋ ಮುಚ್ಚಿಟ್ಟ ಹಾಗಾಗುತ್ತದೆ. ಎರಡರಲ್ಲಿ ಜಂಬವೇ ವಾಸಿ ಅನ್ನಿಸಿತು. ಕೇಳು: ಸೈಕಲ್ ಯಾತ್ರೆಯ ಮೊದಲನೇ ದಿನ ಮುಗಿಯಿತು, ಸುಸ್ತಾದವರನ್ನು ಹತ್ತಿಸಿಕೊಳ್ಳುವ ವ್ಯಾನ್ ನಾನು ಹತ್ತಲಿಲ್ಲ, ಕೊನೆಯವಳಾಗಿಯೂ ಬರಲಿಲ್ಲ. ನನ್ನ ಹಿಂದೆ ಒಬ್ಬರಿದ್ದರು.

ಈಗ ನೀನು ಕೊಟ್ಟ ಮಾತು. ಭಾವನ ಎದುರಿಗೇ ಹೇಳಿದ್ದೀಯ: "ಇವಳು ಮೊದಲನೇ ದಿನ ವ್ಯಾನ್ ಹತ್ತದೆ ತಂಗುದಾಣ ಸೇರಲಿ, ನಾನು ಮಂಡಿ ವ್ಯಾಯಾಮ ತಪ್ಪಿಸದೆ ಮಾಡಿ ಕೊನೇ ದಿನ ಇವಳ ಜೊತೆ ಸೈಕಲ್ ಹೊಡೀತೀನಿ." ಕೊನೇ ದಿನದ ದಾರಿ ಕಾಲುವೆಯ ಪಕ್ಕದಲ್ಲಿ ಸಮತಟ್ಟಾಗಿ ನಿನ್ನ ಊರಿಗೇ ಬಂದು ಮುಗಿಯುತ್ತದೆ. ಅಷ್ಟು ತುಳಿದರೆ ಆಪರೇಷನ್ ಆದ ಮಂಡಿಗೆ ಒಳ್ಳೆಯದೇ ಎಂದು ನಿನ್ನ ಡಾಕ್ಟರೂ ಹೇಳಿದ್ದಾರೆ. ಇನ್ನು ನೆಪ ಹುಡುಕಬೇಡ.

ಫೋನ್ ಬೇಡ, ಪತ್ರ ಬರೆಯೋಣ ಎಂದು ನೀನು ಹೇಳಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ನೀನು ಮೂರು ಸಲ ಬೈದು, ನಾನು ಎರಡು ಸಲ ಮುನಿಸಿಕೊಂಡು, ಭಾವ ಫೋನ್ ಕಿತ್ತುಕೊಂಡು ಹವಾಮಾನ ವಿಚಾರಿಸುತ್ತಿದ್ದರು.

ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಎಲ್ಲರೂ ಸೇರಿದೆವು. ಚೀಲಗಳನ್ನೆಲ್ಲ ಲಾರಿಗೆ ತುಂಬಿದರು. ನಾವು ನೀರಿನ ಬಾಟಲಿ ಮತ್ತು ನಮ್ಮ ಮೈ ಇಷ್ಟನ್ನು ಮಾತ್ರ ಹೊತ್ತೊಯ್ಯಬೇಕು. ಎರಡನೆಯದೇ ಭಾರ ಎಂದು ಆಮೇಲೆ ತಿಳಿಯಿತು. ತಂಡದ ನಾಯಕಿ ಕುತ್ತಿಗೆಗೆ ಸೀಟಿ ಹಾಕಿಕೊಂಡ ಗಟ್ಟಿ ಹೆಂಗಸು. ಅವಳು ಸೂಚನೆ ಕೊಡುವಾಗ ನಾನು ಶೌಚಾಲಯದ ಸಾಲಿನಲ್ಲಿದ್ದೆ, ಮೂರನೇ ಸಲ. ಆದರೂ ಸೂಚನೆಗಳಲ್ಲಿ ಏನಿರುತ್ತದೆ ಹೇಳು? ಎಡಕ್ಕೆ ಹೋಗಿ, ನೀರು ಕುಡಿಯಿರಿ, ಒಬ್ಬರಿಗೊಬ್ಬರು ಗುದ್ದಬೇಡಿ.

ಮೊದಲ ಏರಿನಲ್ಲಿಯೇ ಎಲ್ಲರೂ ನನ್ನನ್ನು ದಾಟಿ ಹೋದರು. ಗಡಿಯಾರ ರಿಪೇರಿ ಮಾಡುವವನೊಬ್ಬ ಹಾಡಿಕೊಂಡು ದಾಟಿದ. ಮನಸ್ಸು ಕುಸಿಯಿತು. ವ್ಯಾನ್ ಬಂದರೆ ಕೈ ಚಾಚುವುದೇ ಸೈ ಎಂದು ತಿರುಗಿ ನೋಡಿದೆ. ಆಗ ಕಂಡರು ಅವರು. ಅರವತ್ತರ ಆಸುಪಾಸು, ಬಿಳಿ ಮೀಸೆ, ಮುಖವೆಲ್ಲ ಹಿಂಡಿಕೊಂಡು ನಿಧಾನವಾಗಿ ತುಳಿಯುತ್ತಿದ್ದರು. ಆಗಾಗ ಒಂದು ಕೈಯಿಂದ ಕೆನ್ನೆ ಒತ್ತಿಕೊಳ್ಳುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು.

"ಕಷ್ಟ ಆಗ್ತಿದೆಯಾ?" ಎಂದೆ.

"ಹೂಂಹೂಂ" ಎಂದರು, ಬಾಯಿ ತೆಗೆಯದೆ.

"ಇನ್ನು ಸ್ವಲ್ಪ. ಆಯ್ತು, ಆಯ್ತು. ಚೆನ್ನಾಗಿ ಮಾಡ್ತಿದ್ದೀರಿ."

ಇಷ್ಟು ವರ್ಷ ಹಲ್ಲು ಕೀಳುವಾಗ ಹೇಳಿ ಹೇಳಿ ನಾಲಿಗೆಗೆ ಹತ್ತಿದ ಮಾತು. ಬಾಯಿ ತೆರೆದು ಮಲಗಿದವರಿಗೂ, ಬಾಯಿ ಮುಚ್ಚಿ ಸೈಕಲ್ ತುಳಿಯುವವರಿಗೂ ಅದೇ ಸಾಕು. ಏರು ಹತ್ತುವ ತನಕ ಹೇಳಿದೆ. ಇಳಿದ ಮೇಲೂ ಹೇಳಿದೆ. ನನ್ನ ಒಣದ್ರಾಕ್ಷಿ ಕೊಟ್ಟೆ. ಬೇಡ ಎಂದು ತಲೆ ಆಡಿಸಿದರು. ಸ್ವಾಭಿಮಾನ.

ನಾನು ಮುಂದಿದ್ದರೆ ಅವರಿಗೆ ಅವಮಾನವಾದೀತು ಎಂದು ಒಂದು ಮರದ ಕೆಳಗೆ ನಿಂತು, ಚೈನು ಸರಿಮಾಡುವ ಹಾಗೆ ನಟಿಸಿದೆ. ಅವರೂ ನಿಂತರು. "ನೀವು ನಡೀರಿ, ನಾನು ಬರ್ತೀನಿ" ಎಂದೆ. ಅವರು ಮರದಲ್ಲಿದ್ದ ಹಕ್ಕಿಗಳನ್ನು ನೋಡತೊಡಗಿದರು. ನಾನು ಚೈನು ಬಿಚ್ಚಿ ಮತ್ತೆ ಹಾಕಿದೆ. ಅವರು ಹಕ್ಕಿ ನೋಡಿದರು. ಹಕ್ಕಿ ಹಾರಿಹೋಯಿತು. ಅವರು ಮರ ನೋಡಿದರು.

ಅಷ್ಟರಲ್ಲಿ ವ್ಯಾನ್ ಬಂತು. ಡ್ರೈವರ್ ಒಬ್ಬಳು ಹೆಂಗಸು. ಕಿಟಕಿಯಿಂದ ಬಗ್ಗಿ "ಹತ್ತುತ್ತೀರಾ ಮೇಡಂ?" ಎಂದಳು.

"ನನಗೇನೂ ಆಗಿಲ್ಲ, ಅವರನ್ನ ಕೇಳಿ."

ಅವಳು ಅವರನ್ನು ನೋಡಿದಳು. ಅವರು ಆಕಾಶ ನೋಡಿದರು. "ಅವರು ಹತ್ತೋ ಹಾಗಿಲ್ಲ" ಎಂದು ನಕ್ಕು ಹೊರಟಳು. ಎಂಥ ಛಲ ನೋಡು! ಆ ಮನುಷ್ಯರನ್ನು ನಡುದಾರಿಯಲ್ಲಿ ಬಿಟ್ಟು ನಾನೊಬ್ಬಳೇ ವ್ಯಾನ್ ಹತ್ತುವುದು ಹೇಗೆ?

ತಂಗುದಾಣ ತಲುಪಿದಾಗ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ನಮ್ಮನ್ನು ಕಂಡದ್ದೇ ತಟ್ಟೆ ಬಡಿದು, ಕೈ ತಟ್ಟಿ, ಸೀಟಿ ಹೊಡೆದರು. ನಾನು ಪಕ್ಕಕ್ಕೆ ಸರಿದು, ಯಜಮಾನರನ್ನು ಮುಂದಕ್ಕೆ ತಳ್ಳಿ, "ಇವರಿಗೆ ಹೊಡೀರಿ ಚಪ್ಪಾಳೆ!" ಎಂದು ನಾನೂ ಹೊಡೆದೆ. ಜನ ಬಿದ್ದು ಬಿದ್ದು ನಕ್ಕರು. ಸಂತೋಷಕ್ಕೆ ಇರಬೇಕು.

ಈಗ ಕಾಲು ನನ್ನದಲ್ಲ ಅನ್ನಿಸುತ್ತಿದೆ. ಆದರೂ ಒಬ್ಬರನ್ನು ಊರು ಮುಟ್ಟಿಸಿದೆ ಎಂಬ ಸಮಾಧಾನ. ಇದರಲ್ಲಿ ನನ್ನ ಸುಖವೂ ಸ್ವಲ್ಪ ಸೇರಿದೆಯೇ? ಸೇರಿದ್ದರೆ ತಪ್ಪೇ? ಯೋಚಿಸಬೇಕು. ನೀನು ಮಾತ್ರ ಯೋಚಿಸಬೇಡ, ವ್ಯಾಯಾಮಕ್ಕೆ ಚಾಪೆ ಹಾಸು.

ನಿನ್ನ ತಂಗಿ

*

೭ ಅಕ್ಟೋಬರ್

ಲೇ ಹಲ್ಲುಡಾಕ್ಟರೇ,

ಪತ್ರ ಬಂತು. ನಿನ್ನ ಭಾವ ಗೇಟಿನ ಡಬ್ಬಿಯಿಂದ ತಂದು ಸೋಫಾಕ್ಕೆ ಕೊಟ್ಟರು. ಸೋಫಾ ಅಂದರೆ ನಾನೇ. ಈಗ ನಮ್ಮಿಬ್ಬರಿಗೂ ಏನೂ ವ್ಯತ್ಯಾಸ ಉಳಿದಿಲ್ಲ.

ನೀನು ವ್ಯಾನ್ ಹತ್ತಲಿಲ್ಲ, ಒಪ್ಪಿದೆ. ನಿನ್ನ ಭಾವನಿಗೆ ಓದಿ ಹೇಳಿದೆ. "ಭಲೇ" ಅಂದರು. ಅವರು ಹಾಲು ಉಕ್ಕಿದರೂ ಭಲೇ ಅಂತಾರೆ.

ಆದರೆ ಆ ಮೀಸೆ ಯಜಮಾನನ ವಿಷಯ ನನಗೆ ಸರಿ ಕಾಣ್ತಿಲ್ಲ. ಒಬ್ಬ ಗಂಡಸು ಇಡೀ ದಿನ ನಿನ್ನ ಹಿಂದೆ ಬರ್ತಾನೆ. ನೀನು ನಿಂತರೆ ನಿಲ್ತಾನೆ. ಮುಂದೆ ಹೋಗಿ ಅಂದರೆ ಹಕ್ಕಿ ನೋಡ್ತಾನೆ. ಕಾರಣ ಕೇಳಿದರೆ ಹೂಂಹೂಂ. ಇದನ್ನ ನೀನು ಆಯಾಸ ಅಂತೀಯ! ಇಷ್ಟು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಹಿಂದೆ ನೋಡೋ ಕನ್ನಡಿ ಇಟ್ಟುಕೊಂಡೇ ಬದುಕಿದವಳು ನಾನು. ಹಿಂದೆ ಬರೋ ಗಾಡಿ ದಾರಿ ಬಿಟ್ಟರೂ ದಾಟದೆ ಬಂತು ಅಂದರೆ, ಒಂದೋ ಅದರ ಇಂಜಿನ್ ಸರಿ ಇಲ್ಲ, ಇಲ್ಲ ಡ್ರೈವರ್ ಮನಸ್ಸು ಸರಿ ಇಲ್ಲ. ಡೈವೋರ್ಸ್ ಆದ ಮೇಲೆ ನಿನ್ನ ಕಡೆ ತಿರುಗಿ ನೋಡಿದ ಮೂವರನ್ನೂ ನೀನು ರೋಗಿಗಳು ಅಂದುಕೊಂಡೆ. ಇವನನ್ನಾದರೂ ಸರಿಯಾಗಿ ನೋಡು. ಮೊದಲು ಮನೇಲಿ ಯಾರ್ಯಾರಿದ್ದಾರೆ ಕೇಳು. ಒಣದ್ರಾಕ್ಷಿ ಆಮೇಲೆ ಕೊಡು.

ವ್ಯಾಯಾಮ ಬಹಳ ಚೆನ್ನಾಗಿ ನಡೀತಿದೆ. ವ್ಯಾಯಾಮ ಮಾಡಿಸೋ ಹುಡುಗಿ ನನ್ನನ್ನ ಹೊಗಳಿ ಹೊಗಳಿ ಸುಸ್ತಾಗಿ ಈ ವಾರ ಬರಲೇ ಇಲ್ಲ. ಚಾಪೆ ಹಾಸಿದೆ. ಸದ್ಯಕ್ಕೆ ಅದರ ಮೇಲೆ ಒಗೆದ ಬಟ್ಟೆ ಇದೆ, ಮಡಿಚಬೇಕು.

ಅಂದ ಹಾಗೆ, ಕೊನೇ ದಿನದ ನನ್ನ ಜಾಗ ಬೇರೆ ಯಾರಿಗಾದರೂ ಕೊಡಿಸಿಬಿಡು. ಆ ದಿನ ಮನೇಲಿ ಕೆಲಸ ಇದೆ. ನನ್ನ ಸೈಕಲ್ ನೀನು ಬೇಕಾದರೆ ಇಟ್ಟುಕೋ, ಬೇಡದಿದ್ದರೆ ಮಾರು.

ಅಕ್ಕ

*

೧೦ ಅಕ್ಟೋಬರ್

ಅಕ್ಕಾ,

ನಿನ್ನ ಪತ್ರ ಇಲ್ಲಿನ ತಂಗುದಾಣದಲ್ಲಿ ನನಗಿಂತ ಮೊದಲೇ ಬಂದು ಕಾಯುತ್ತಿತ್ತು. ಎಲ್ಲವೂ ನನಗಿಂತ ಮೊದಲೇ ಬರುತ್ತದೆ.

ಆ ಯಜಮಾನರ ವಿಷಯದಲ್ಲಿ ನೀನು ಅಂದುಕೊಂಡದ್ದು ಏನೂ ಇಲ್ಲ. ಅವರು ನಿವೃತ್ತ ಹೆಡ್‌ಮಾಸ್ಟರು, ಹೆಂಡತಿ ಇದ್ದಾರೆ, ಮೊಮ್ಮಗಳೂ ಇದ್ದಾಳೆ. ಅವರಿಗೆ ಹಲ್ಲುನೋವಿತ್ತು, ಅಷ್ಟೇ. ಇನ್ನು ಅವರ ಬಗ್ಗೆ ಬರೆಯುವುದಿಲ್ಲ, ಬರೆಯುವಂಥದ್ದೂ ಏನಿಲ್ಲ.

ನೀನು ಯಾಕೆ ಹಿಂದೆ ಸರಿದೆ ಎಂದು ಸಂಜೆಯೆಲ್ಲ ಯೋಚಿಸಿದೆ. ಸೈಕಲ್ ಒರೆಸುವಾಗ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಕೊನೆಗೆ ಹೊಳೆಯಿತು. ನಿನ್ನ ಸೈಕಲ್ ನನ್ನ ಕೈಯಲ್ಲಿದೆ ಎಂದು ನಿನಗೆ ಸಂಕಟವಾಗಿದೆ. ಅದಕ್ಕೆ ಒಂದು ಗೀರೂ ಬಿದ್ದಿಲ್ಲ. ಪ್ರತಿ ಸಂಜೆ ನನ್ನ ಕಾಲು ಒರೆಸುವ ಮೊದಲು ಅದನ್ನು ಒರೆಸುತ್ತೇನೆ. ಬ್ರೇಕಿಗೆ ಎಣ್ಣೆ ಬಿಡಬಾರದು ಎಂದು ನೀನು ಹೇಳಿದ್ದು ನೆನಪಿದೆ. ನೆನಪಾದದ್ದು ಸ್ವಲ್ಪ ತಡವಾಗಿ, ಆದರೆ ಆಮೇಲೆ ಸೋಪು ಹಾಕಿ ತೊಳೆದೆ.

ವ್ಯಾಯಾಮ ಬಿಡಬೇಡ. ದಿನಾ ಸ್ವಲ್ಪ ಸ್ವಲ್ಪ ಮಾಡು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುವಷ್ಟರಲ್ಲಿ ಆಗಿಹೋಗುತ್ತದೆ. ನೀನು ತುಂಬಾ ಚೆನ್ನಾಗಿ ಮಾಡುತ್ತಿದ್ದೀಯ ಎಂದು ನನಗೆ ಗೊತ್ತು.

ತಂಗಿ

*

೧೩ ಅಕ್ಟೋಬರ್

ಮರಿ,

ಸೈಕಲ್ಲಿಗೆ ಗೀರು ಬಿದ್ದರೆ ನನಗೇನೇ? ನೀನು ಅದರ ಬ್ರೇಕಿಗೆ ಎಣ್ಣೆ ಬಿಟ್ಟಿದ್ದೀಯ, ಇನ್ನು ಗೀರು ಯಾವ ಲೆಕ್ಕ.

ನಿನಗೆ ಅರ್ಥವಾಗಲ್ಲ, ಹೇಳಿಯೇ ಬಿಡ್ತೀನಿ. ನಿನ್ನ ಮೊದಲನೇ ಪತ್ರ ಎರಡನೇ ಸಲ ಓದುವಾಗ ನಾನು ನಿನ್ನ ಸೀಟಿನಲ್ಲಿ ಕೂತಿರಲಿಲ್ಲ, ಆ ಯಜಮಾನನ ಸೀಟಿನಲ್ಲಿ ಕೂತಿದ್ದೆ. ಏದುಸಿರು ಬಿಟ್ಟುಕೊಂಡು ನಾನು ಬರ್ತಿದ್ದೀನಿ, ನನ್ನ ತಂಗಿ ಮರದ ಕೆಳಗೆ ಚೈನು ಸರಿಮಾಡೋ ನಾಟಕ ಆಡ್ತಾ ಕಾಯ್ತಿದ್ದಾಳೆ. "ಆಯ್ತು, ಆಯ್ತು, ಚೆನ್ನಾಗಿ ಮಾಡ್ತಿದ್ದೀರಿ."

ಈ ಮಾತು ಆಸ್ಪತ್ರೆಯಲ್ಲಿ ನರ್ಸು ಹೇಳಿದಳು. ವ್ಯಾಯಾಮದ ಹುಡುಗಿ ಹೇಳಿದಳು, ಅವಳನ್ನ ಬರಬೇಡ ಅಂದಿದ್ದು ನಾನೇ. ನಿನ್ನ ಭಾವ ಬಚ್ಚಲು ಬಾಗಿಲಲ್ಲಿ ನಿಂತು ಹೇಳ್ತಾರೆ. ಇಷ್ಟು ವಯಸ್ಸಾದವಳಿಗೆ ಬಚ್ಚಲಿಗೆ ಹೋಗಿ ಬಂದಿದ್ದಕ್ಕೆ ಭಲೇ ಅನ್ನಿಸಿಕೊಳ್ಳೋದು ಹೇಗಿರುತ್ತೆ ಗೊತ್ತೇನೇ?

ನಿನಗೆ ಸೈಕಲ್ ಕಲಿಸಿದ್ದು ಯಾರು? ಸೀಟು ಹಿಡಿದು ಹಿಂದೆ ಓಡಿದ್ದು ಯಾರು? ಒಂದು ಸಲ ಆದರೂ ಆಯ್ತು ಆಯ್ತು ಅಂದಿದ್ದೀನಾ? "ತುಳಿಯೇ ಕತ್ತೆ" ಅಂದೆ. ನೀನು ಅತ್ತೆ, ತುಳಿದೆ, ಕಲಿತೆ. ಎಷ್ಟೋ ಜನ ಅತ್ತುಕೊಂಡೇ ನನ್ನ ಹತ್ತಿರ ಕಾರು ಕಲಿತರು. ಅವರಿಗೋಸ್ಕರ ಪಕ್ಕದ ಸೀಟಿನ ಬ್ರೇಕು ಒತ್ತಿ ಒತ್ತಿಯೇ ಈ ಮಂಡಿ ಹೋಯ್ತು. ಈಗ ನೀನು ಮುಂದೆ, ನಾನು ಹಿಂದೆ. ಸಂತೋಷವೇ. ಆದರೆ ನಿನ್ನ ಕರುಣೆ ಕುಡಿದುಕೊಂಡು ಕಾಲುವೆ ಪಕ್ಕ ಸೈಕಲ್ ಹೊಡೆಯೋಕೆ ನನ್ನಿಂದ ಆಗಲ್ಲ. ನಾನು ಬರಲ್ಲ. ಸುಮ್ಮನೆ ಬಿಡು.

ನಿನ್ನ ಪತ್ರ ಬಂತಾ ಅಂತ ಈ ವಾರ ದಿನಾ ನಾನೇ ಗೇಟಿನ ತನಕ ಹೋಗಿ ನೋಡಿ ಬಂದೆ. ನಿನ್ನ ಭಾವನಿಗೆ ಹೇಳಬೇಡ, ಚಪ್ಪಾಳೆ ಹೊಡೀತಾರೆ.

ಅಕ್ಕ

*

೧೬ ಅಕ್ಟೋಬರ್

ಅಕ್ಕಾ,

ನನ್ನ ಹಿಂದೆ ಯಾರೂ ಇರಲಿಲ್ಲ.

ಎರಡನೇ ದಿನ ಬೆಳಿಗ್ಗೆಯೇ ಇದು ನನಗೆ ತಿಳಿದಿತ್ತು, ನಿನಗೆ ಬರೆಯಲಿಲ್ಲ. ಆ ಬೆಳಿಗ್ಗೆ ನಾನು ಎದ್ದ ತಕ್ಷಣ ನಾಯಕಿಯನ್ನು ಹುಡುಕಿಕೊಂಡು ಹೋದೆ. ಅವಳು ಸೀಟಿ ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದಳು.

"ಆ ಮೀಸೆ ಯಜಮಾನರನ್ನ ಇವತ್ತು ವ್ಯಾನಿನಲ್ಲಿ ಕೂರಿಸಿ" ಎಂದೆ. "ಡಾಕ್ಟರಾಗಿ ಹೇಳ್ತಿದ್ದೀನಿ, ಅವರಿಂದ ಆಗಲ್ಲ."

ಚಹಾ ಅವಳ ಮೂಗಿನಿಂದ ಬಂತು. ಕೆಮ್ಮಿ, ಕಣ್ಣೊರೆಸಿಕೊಂಡು ಕೇಳಿದಳು: "ಮೇಡಂ, ನಿನ್ನೆ ನಾನು ಸೂಚನೆ ಕೊಡುವಾಗ ನೀವಿರಲಿಲ್ವಾ?"

"ಬೇರೆ ಕಡೆ ಇದ್ದೆ."

"ಅವರು ನಮ್ಮ ಬಾಲ."

ಪ್ರತಿ ತಂಡಕ್ಕೂ ಒಬ್ಬ ಬಾಲ ಇರುತ್ತಾರಂತೆ. ಎಲ್ಲರಿಗಿಂತ ಕೊನೆಯಲ್ಲಿರುವ ಸವಾರರ ಹಿಂದೆಯೇ ಬರುವುದು ಅವರ ಕೆಲಸ. ಕೊನೆಯವರು ನಿಂತರೆ ನಿಲ್ಲಬೇಕು. ದಾಟುವ ಹಾಗಿಲ್ಲ, ವ್ಯಾನ್ ಹತ್ತುವ ಹಾಗಿಲ್ಲ. ನೀನೇ ಕೊನೆ ಎಂದು ಕೊನೆಯವರಿಗೆ ತಮ್ಮ ಬಾಯಿಂದ ಹೇಳುವ ಹಾಗೂ ಇಲ್ಲ, ಇದು ಈ ತಂಡದ ಪದ್ಧತಿ. ಹೆಡ್‌ಮಾಸ್ಟರು ಈ ದಾರಿಯನ್ನು ಪ್ರತಿ ವರ್ಷ ಹೀಗೆ ಯಾರದೋ ಹಿಂದೆ ತುಳಿಯುತ್ತಾರಂತೆ. ಆದರೆ ಮುಂದಿದ್ದವರು ತಿರುಗಿ ತಿರುಗಿ ಅವರಿಗೇ ಧೈರ್ಯ ಹೇಳಿದ್ದು ಇದೇ ಮೊದಲು.

ಇನ್ನೊಂದು ಪದ್ಧತಿ ಇದೆ. ಬಾಲ ಬಂದು ಸೇರುವ ತನಕ ಯಾರಿಗೂ ಊಟ ಬಡಿಸುವುದಿಲ್ಲ. ಅಕ್ಕಾ, ಆ ಚಪ್ಪಾಳೆ ಊಟಕ್ಕೆ. ಅದರ ಮಧ್ಯೆ ನಾನು ಅವರನ್ನು ಮುಂದಕ್ಕೆ ತಳ್ಳಿ "ಇವರಿಗೆ ಹೊಡೀರಿ" ಎಂದು ಕೂಗುತ್ತಿದ್ದೆ. ಈಗ ತಂಡದಲ್ಲಿ ನನ್ನ ಹೆಸರೇ ಊಟ. ಪ್ರತಿ ಸಂಜೆ ನಾನು ತಿರುವಿನಲ್ಲಿ ಕಾಣಿಸಿಕೊಂಡದ್ದೇ ಗಡಿಯಾರದವನು "ಊಟ ಬಂತು!" ಎಂದು ಕೂಗುತ್ತಾನೆ. ಪ್ರತಿ ಸಂಜೆ ಎಂದೆ, ಗಮನಿಸಿದೆಯಾ? ಇವತ್ತಿನವರೆಗೂ ಒಂದು ದಿನವೂ ತಪ್ಪದೆ ನಾನೇ ಕೊನೆ. ಕಾಲುನೋವೆಂದು ಕುಂಟುತ್ತಾ ಬಂದ ಒಬ್ಬರು ಮೊನ್ನೆ ನನ್ನನ್ನು ದಾಟಿ ಹೋದರು, ಕ್ಷಮೆ ಕೇಳಿ.

ಹಲ್ಲಿನ ವಿಷಯವೂ ಪೂರ್ತಿ ಹೇಳುತ್ತೇನೆ. ಮೊದಲ ದಿನದ ಆ ಹಿಂಡಿದ ಮುಖ ನನಗೆ ಕಾಲಿನ ಆಯಾಸವಾಗಿ ಕಂಡಿತ್ತು. ಕೆನ್ನೆ ಒತ್ತಿಕೊಳ್ಳುತ್ತಿದ್ದರು, ನಾನು ಹಲ್ಲಿನ ಡಾಕ್ಟರು, ಆದರೂ ಕಾಣಲಿಲ್ಲ! ವಿಶ್ರಾಂತಿಯ ದಿನ ಕಿಟಕಿಯ ಬೆಳಕಿನಲ್ಲಿ ಕೂರಿಸಿ ನೋಡಿದರೆ ದವಡೆ ಹಲ್ಲು ಸೀಳಿತ್ತು.

"ಯಾಕೆ ಹೇಳಲಿಲ್ಲ?" ಎಂದೆ.

"ಹೊರಡೋ ಮುಂಚೆಯೇ ನಾಯಕಿ ನೀವು ಹಲ್ಲಿನ ಡಾಕ್ಟರು ಅಂದರು. ಅದಕ್ಕೇ ದಿನವೆಲ್ಲ ಬಾಯಿ ತೆಗೀಲಿಲ್ಲ."

"ಮತ್ತೆ ನಾನು ಹಾಗೆಲ್ಲ ಧೈರ್ಯ ಹೇಳ್ತಿದ್ದಾಗ?"

"ಮೊದಮೊದಲು ಕೋಪ ಬಂತು. ಆಮೇಲೆ, ಹಲ್ಲುನೋವಿನ ಜೊತೆ ಇದೂ ಒಂದು ಅಂತ ಬಿಟ್ಟೆ."

ನಿನಗೂ ಕೋಪ ಬಂತು. ಇಬ್ಬರು ಹೇಳಿದ ಮೇಲೆ ನಂಬಲೇಬೇಕು.

ಯಾಕೆ ಮುಚ್ಚಿಟ್ಟೆ ಎಂದು ನನ್ನನ್ನೇ ಕೇಳಿಕೊಂಡೆ. ನಾಚಿಕೆ ಒಂದು ಕಾರಣ. ಇನ್ನೊಂದು, ನಾನೇ ಕೊನೆ ಎಂದು ತಿಳಿದರೆ ನೀನು ಹೆದರಿ ಚಾಪೆ ಸುತ್ತಿಡುತ್ತೀಯ ಎಂದುಕೊಂಡೆ. ನೀನು ಚಾಪೆ ಸುತ್ತಿಟ್ಟದ್ದು ನಾನು ಮುಂದಿದ್ದೇನೆ ಎಂದು. ನಾಲ್ಕು ದಶಕ ನಿನ್ನ ಜೊತೆ ಬೆಳೆದು ನಿನ್ನನ್ನು ಇಷ್ಟೇ ಅರ್ಥ ಮಾಡಿಕೊಂಡಿದ್ದೇನಲ್ಲ, ಅದಕ್ಕೂ ನಾಚಿಕೆಯಾಗುತ್ತಿದೆ.

ಆದರೆ ನಿಜವಾಗಿ ನಡೆದದ್ದು ಇದು. ಮೊದಲ ಏರಿನಲ್ಲಿ ನಾನೇ ಕೊನೆಯವಳು ಎಂದು ಗೊತ್ತಾಗಿದ್ದರೆ, ಅಲ್ಲೇ ಸೈಕಲ್ ಇಳಿದು ವ್ಯಾನಿಗೆ ಕೈ ಚಾಚುತ್ತಿದ್ದೆ. ನನಗಿಂತ ಕಷ್ಟದಲ್ಲಿರುವವರು ಒಬ್ಬರಿದ್ದಾರೆ, ಅವರನ್ನು ಬಿಟ್ಟು ಹೋಗಬಾರದು ಎಂಬ ನೆಪದಲ್ಲಿ ತುಳಿದೆ. ಆಯ್ತು ಆಯ್ತು ಎಂದು ಅಷ್ಟು ಹೊತ್ತು ಹೇಳಿದ್ದು ಯಾರಿಗೆ ಎಂದು ಈಗ ಗೊತ್ತು. ಅವರಿಗಂತೂ ಅಲ್ಲ. ಅವರು ಹಕ್ಕಿ ನೋಡುತ್ತಿದ್ದರು.

ಹಾಗಾಗಿ ನಿನ್ನನ್ನು ಕಾಯಲು ನನ್ನಿಂದ ಆಗುವುದಿಲ್ಲ ಅಕ್ಕಾ. ಕಾಯಬೇಕೆಂದರೆ ಮುಂದಿರಬೇಕಲ್ಲ. ನಿನ್ನ ಆಪರೇಷನ್ ಆದ ಮಂಡಿಗೂ ನನ್ನ ಎರಡು ಒಳ್ಳೆಯ ಮಂಡಿಗಳಿಗೂ ಪೈಪೋಟಿ ಇಟ್ಟರೆ ಯಾರು ಗೆಲ್ಲುತ್ತಾರೋ ನನಗೆ ನಿಜಕ್ಕೂ ಗೊತ್ತಿಲ್ಲ. ನೀನು ದಿನಾ ಗೇಟಿಗೆ ಹೋಗಿ ಬಂದಿದ್ದೀಯ ಎಂದು ಓದಿದ ಮೇಲಂತೂ ಸ್ವಲ್ಪ ಹೆದರಿಕೆಯಾಗಿದೆ. ಆ ದಿನ ನನಗೆ ಬೇಕಿರುವುದು ನನ್ನನ್ನು ಬೈಯುವವರು. ಇಲ್ಲಿ ಎಲ್ಲರೂ ಸಭ್ಯರು, ಯಾರೂ ಬೈಯುವುದಿಲ್ಲ, ಅದಕ್ಕೇ ನನ್ನ ವೇಗ ಹೀಗಿದೆ.

ನಿನ್ನ ಜಾಗ ಯಾರಿಗೂ ಕೊಡಿಸಿಲ್ಲ, ಕೇಳಲೂ ಇಲ್ಲ. ಆ ದಿನ ನಾನು ಲಾರಿಯಲ್ಲಿರುವ ಹೆಚ್ಚುವರಿ ಸೈಕಲ್ ತೆಗೆದುಕೊಳ್ಳುತ್ತೇನೆ. ನಿನ್ನ ಸೈಕಲ್ಲಿನ ಸೀಟನ್ನು ನಾಯಕಿಯಿಂದ ಹೇಳಿಸಿಕೊಂಡು ನಿನ್ನ ಎತ್ತರಕ್ಕೆ ಏರಿಸುತ್ತೇನೆ. ಬ್ರೇಕನ್ನು ನಾನು ಮುಟ್ಟುವುದಿಲ್ಲ. ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಕಾಲುವೆ ಸೇತುವೆಯಿಂದ ಹೊರಡುತ್ತೇವೆ. ನಿನ್ನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಭಾವ ಕರೆತರಲಿ, ಆದರೆ ಚಪ್ಪಾಳೆ ಹೊಡೆಯುವುದಾದರೆ ಕಾರಿನೊಳಗೇ ಹೊಡೆಯಲಿ. ಸಾಕಾಯಿತು ಅನ್ನಿಸಿದ ಕಡೆ ಇಬ್ಬರೂ ವ್ಯಾನ್ ಹತ್ತೋಣ. ನನಗೆ ಹದಿನೈದು ದಿನದಿಂದ ಆ ವ್ಯಾನಿನ ಮೇಲೆ ಆಸೆ, ಒಬ್ಬಳೇ ಹತ್ತಲು ಮರ್ಯಾದೆ ಬಿಡುತ್ತಿಲ್ಲ.

ಪತ್ರ ಬರೆದಾಯಿತು. ಆದರೆ ಇವತ್ತೇ ಡಬ್ಬಿಗೆ ಹಾಕಿದರೆ ಹತ್ತೊಂಬತ್ತಕ್ಕೆ ನಿನ್ನ ಕೈಗೆ ಸಿಗುತ್ತದೆ. ನೀನು ಅಂದೇ ಕೂತು, ಬರಲಾಗದ್ದಕ್ಕೆ ಒಂದಕ್ಕಿಂತ ಒಂದು ಚೆಂದದ ಕಾರಣ ಬರೆದು, ಆ ಪತ್ರ ಸೇತುವೆಗೆ ನನಗಿಂತ ಮೊದಲು ತಲುಪುವ ಹಾಗೆ ಮಾಡುತ್ತೀಯ. ನಿನ್ನ ಬರವಣಿಗೆಯ ಮುಂದೆ ನಾನು ಯಾವತ್ತೂ ನಿಂತಿಲ್ಲ. ಆದ್ದರಿಂದ ಇದು ನನ್ನ ಚೀಲದಲ್ಲೇ ಎರಡು ದಿನ ಇರಲಿ. ನಿನಗೆ ಸಿಗುವುದು ಇಪ್ಪತ್ತೊಂದಕ್ಕೆ. ಉತ್ತರ ಬರೆಯಲು ಸಮಯ ಇರುವುದಿಲ್ಲ, ಫೋನ್ ಮಾಡಿದರೆ ನಾನು ಎತ್ತುವುದಿಲ್ಲ. ಬರಬಹುದು, ಇಲ್ಲವೇ ಬರದೆ ಇರಬಹುದು, ಅಷ್ಟೇ.

ಪೋಸ್ಟ್ ಮಾಡುವುದು: ೧೮ ಅಕ್ಟೋಬರ್.